ಟೇಕು ನಿಲ್ಲುವ ಜಾಗ

“ಗುರುಗಳೇ, ಪ್ರೀತಿ ಇದ್ದವರು ದೂರ ಕಳಿಸುತ್ತಾರೆಯೇ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಅಡಿವೆಯ್ಯ. ಚಿಕ್ಕವನಾಗಿದ್ದಾಗ ಮಠಕ್ಕೆ ಬಂದವನು, ಈಗ ಗಡ್ಡ ಬಂದಿತ್ತು. ಗುರುಗಳಿಗೆ ಸ್ನಾನದ ನೀರು ಕಾಯಿಸುವುದರಿಂದ ಹಿಡಿದು ಹಾಸಿಗೆ ಹಾಸುವ ತನಕ ಎಲ್ಲವೂ ಅವನದೇ ಕೆಲಸ. ಹೊಳೆಯ ಆಚೆಯ ಊರಿನಲ್ಲಿ ಸಣ್ಣ ಮಠವೊಂದು ಬಾಗಿಲು ಹಾಕಿಕೊಂಡಿತ್ತು. ಆ ಊರಿನವರು ಬಂದು, ನಮಗೆ ಹೇಳುವವರು ಕೇಳುವವರು ಯಾರೂ ಇಲ್ಲ, ಒಬ್ಬರನ್ನು ಕಳಿಸಿಕೊಡಿ ಎಂದು ಬೇಡಿಕೊಂಡಿದ್ದರು. ಗುರುಗಳು ಒಂದು ಕ್ಷಣವೂ ಯೋಚಿಸದೆ ಅಡಿವೆಯ್ಯನನ್ನು ತೋರಿಸಿದ್ದರು. ಒಂದು ಕ್ಷಣವೂ ಯೋಚಿಸಲಿಲ್ಲ ಎಂಬುದೇ ಅಡಿವೆಯ್ಯನಿಗೆ ನಾಟಿತ್ತು.

“ಮುಖ ನೋಡಿಕೋ” ಎಂದರು ಗುರುಗಳು. “ತವರಿನಿಂದ ಹೊರಟ ಮದುಮಗಳೂ ಇಷ್ಟು ಅತ್ತಿರಲಿಕ್ಕಿಲ್ಲ.”

ಅಡಿವೆಯ್ಯ ನಗಲಿಲ್ಲ. ತಪ್ಪು ಮಾಡಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ, ಕಸ ಗುಡಿಸಿಕೊಂಡಾದರೂ ಇಲ್ಲೇ ಇರುತ್ತೇನೆ ಎಂದ. ನಿಮ್ಮ ಮುಖ ಕಾಣದ ಊರಿನಲ್ಲಿ ನನಗೆ ಊಟ ಸೇರುವುದಿಲ್ಲ ಎಂದ. ಅದು ಸುಳ್ಳಾಗಿರಲಿಲ್ಲ. ಯಾರಾದರೂ ಅವನನ್ನು ಒಂದು ಮಾತು ಕೇಳಿದರೆ, ಉತ್ತರ ಗೊತ್ತಿದ್ದರೂ, ಅವನು ಮೊದಲು ಗುರುಗಳ ಮುಖ ನೋಡುತ್ತಿದ್ದ. ಗುರುಗಳು ಎದುರಿಗಿಲ್ಲದಿದ್ದರೆ ಅವರು ಕೂರುವ ಜಾಗದ ಕಡೆಗಾದರೂ ಒಮ್ಮೆ ನೋಡುತ್ತಿದ್ದ.

ಗುರುಗಳು ಎಲೆಯಡಿಕೆಯ ಚೀಲವನ್ನು ಪಕ್ಕಕ್ಕಿಟ್ಟು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರ ಇದ್ದ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಅವರದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಅವನು ಬೇಸರವಾಗಿ ಎದ್ದರೆ ಅವಳು ಕೂರುವಳು, ಅವಳು ಒಲೆಯ ಕಡೆಗೆ ಹೋದರೆ ಅವನು ಕೂರುವನು. ಮಗ್ಗ ಮಾತ್ರ ನಿಲ್ಲುತ್ತಿರಲಿಲ್ಲ.

ಆ ಸೀಮೆಯ ಮನೆಗಳಿಗೆ ಮಣ್ಣಿನ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು. ಪ್ರತಿ ಬೇಸಿಗೆಯಲ್ಲೂ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯುವುದು ಅಲ್ಲಿಯ ಪದ್ಧತಿ. ಹಳೆಯ ಮಣ್ಣನ್ನು ಕೆರೆದು ತೆಗೆದು ಹೊಸದನ್ನು ಹಾಕಬೇಕು. ಆದರೆ ಹಳೆಯದು ಹಿರಿಯರು ತುಳಿದ ಮಣ್ಣು, ಗಟ್ಟಿಯಾಗಿ ಕೂತಿದೆ, ಅದನ್ನೇಕೆ ಕೆದಕುವುದು ಎಂದು ಈ ನೇಕಾರ ಮೇಲೆ ಮೇಲೆ ಹಾಕುತ್ತ ಬಂದ. ಅವನ ಅಪ್ಪನೂ ಹಾಗೇ ಮಾಡಿದ್ದ. ಮನೆ ಒಂದು ಹನಿಯೂ ಸೋರಲಿಲ್ಲ. ಮಾಳಿಗೆ ಎಂದರೆ ನಿನ್ನದಪ್ಪ ಎಂದು ಊರವರು ಹೊಗಳಿದರು. ತೊಲೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಒಂದು ಬೆಳಗ್ಗೆ ನೇಕಾರ ನೂಲು ತರಲು ಓಣಿಯ ತುದಿಗೆ ಹೋಗಿದ್ದ. ಹೆಂಡತಿ ಮಗ್ಗದಲ್ಲಿ ಕೂತಿದ್ದಳು. ತೊಲೆ ಮುರಿಯಿತು. ಮಾಳಿಗೆ ಇಡಿಯಾಗಿ ಕುಸಿದು ಕೂತಿತು.

ಓಡಿ ಬಂದವನ ಎದುರಿಗೆ ಮನೆ ಇರಲಿಲ್ಲ, ಮಣ್ಣಿನ ಗುಡ್ಡೆ ಇತ್ತು. ಅವನು ಎದೆ ಬಡಿದುಕೊಳ್ಳುವ ಹೊತ್ತಿಗೆ ಒಳಗಿನಿಂದ ಒಂದು ಸದ್ದು ಬಂತು. ಯಾರೋ ಮಗ್ಗದ ಹಲಗೆಯನ್ನು ತಟ್ಟುತ್ತಿದ್ದರು. ಅವಳು ಕುಣಿಯೊಳಗೆ ಕುಗ್ಗಿ ಉಳಿದುಕೊಂಡಿದ್ದಳು. ಮುರಿದ ತೊಲೆ ಮಗ್ಗದ ಕಂಬಗಳ ಮೇಲೆ ಓರೆಯಾಗಿ ಬಿದ್ದು, ಅವಳ ತಲೆಯ ಮೇಲೆ ಉಸಿರಾಡುವಷ್ಟು ಜಾಗ ಬಿಟ್ಟಿತ್ತು.

ನೇಕಾರ ಗುಡ್ಡೆಯ ಮೇಲೆ ಹತ್ತಿ ಎರಡೂ ಕೈಯಿಂದ ಮಣ್ಣು ಬಾಚತೊಡಗಿದ. ಓಣಿಯವರೂ ಸಲಿಕೆ ಹಿಡಿದು ಹತ್ತಿದರು. ಎಲ್ಲರೂ ಪ್ರೀತಿಯಿಂದಲೇ ಹತ್ತಿದರು. ಅವರೆಲ್ಲರ ಭಾರ ಅವಳ ಮೇಲೆ ಬಿತ್ತು.

ಅಷ್ಟರಲ್ಲಿ ಊರಿನ ಬಡಿಗ ಬಂದ. ಸಿಡುಕಿನ ಮನುಷ್ಯ. ಯಾರಿಗೂ ಸಮಾಧಾನದ ಮಾತು ಹೇಳದೆ, ಬಾಯಿಗೆ ಬಂದಂತೆ ಬೈದು ಎಲ್ಲರನ್ನೂ ಕೆಳಗಿಳಿಸಿದ. ಮೇಲಿನಿಂದ ಹೋದರೆ ಅವಳ ಹೆಣ ಸಿಗುತ್ತದೆ, ಪಕ್ಕದಿಂದ ಹೋದರೆ ಅವಳು ಸಿಗುತ್ತಾಳೆ ಎಂದ. ಪಕ್ಕದಿಂದ ಹೋಗಬೇಕಾದರೆ ಟೇಕು ಬೇಕು. ಬೀಳಲಿರುವುದಕ್ಕೆ ಕೆಳಗಿನಿಂದ ಕೊಡುವ ಆಸರೆಯ ಕಂಬವನ್ನು ಆ ಕಡೆ ಟೇಕು ಎನ್ನುತ್ತಾರೆ. ಒಬ್ಬರು ಬಂಡಿಯ ನೊಗ ತಂದರು, ಒಬ್ಬರು ಕೊಟ್ಟಿಗೆಯ ಕಂಬ ಕಿತ್ತು ತಂದರು. ಎದುರು ಮನೆಯ ಮುದುಕಿ ತನ್ನ ಬಾಗಿಲನ್ನೇ ಕೀಲಿನಿಂದ ಬಿಚ್ಚಿಸಿ ಕೊಟ್ಟಳು.

ಟೇಕು ಕೊಡುವುದಕ್ಕೆ ಒಂದು ಕ್ರಮವಿದೆ. ನೆಲಕ್ಕೆ ಹಲಗೆ, ಹಲಗೆಯ ಮೇಲೆ ಕಂಬ, ಕಂಬದ ಬುಡದಲ್ಲಿ ಎದುರುಬದುರಾಗಿ ಎರಡು ಬೆಣೆ. ಬೆಣೆಗಳನ್ನು ಮೆಲ್ಲಗೆ ಬಡಿದು ಕಂಬದ ತಲೆಯನ್ನು ತೊಲೆಗೆ ಮುಟ್ಟಿಸಬೇಕು. ಮುಟ್ಟಿದ ಕೂಡಲೇ ನಿಲ್ಲಿಸಬೇಕು. ಟೇಕು ಯಾವುದನ್ನೂ ಎತ್ತಬಾರದು. ಬಿದ್ದದ್ದು ಹೇಗೆ ಬಿದ್ದಿದೆಯೋ ಹಾಗೆಯೇ ಅದನ್ನು ಹಿಡಿದುಕೊಂಡು ನಿಲ್ಲಬೇಕು.

ನೇಕಾರನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮರದ ಸುತ್ತಿಗೆಯಂಥ ಕೊಡತಿಯಿಂದ ಒಂದೊಂದು ಏಟು ಹಾಕಿದ ಮೇಲೂ ಬಡಿಗ ಅದನ್ನು ಕೈಯಲ್ಲಿ ಹಿಡಿದು, ತೊಲೆಗೆ ಕಿವಿಗೊಟ್ಟು ಕೂರುತ್ತಿದ್ದ. ಒಳಗೆ ಅವಳು ತಟ್ಟುತ್ತಲೇ ಇದ್ದಳು. ಇವನು ಒಂದು ಕಂಬ ನಿಲ್ಲಿಸುವಷ್ಟರಲ್ಲಿ ನಾನು ಅವಳನ್ನು ಮುಟ್ಟಿರುತ್ತಿದ್ದೆ ಎಂದು ನೇಕಾರ ಕುದಿಯುತ್ತಿದ್ದ. ಬಡಿಗ ಮರ ಆರಿಸಲು ಆಚೆ ಹೋದದ್ದೇ ತಡ, ಅವನು ಕೊಡತಿ ಎತ್ತಿಕೊಂಡು ಬೆಣೆಗೆ ಜೋರಾಗಿ ಬಾರಿಸಿದ. ತೊಲೆ ಸ್ವಲ್ಪ ಎದ್ದರೆ ಅವಳಿಗೆ ಗಾಳಿಯಾದರೂ ಆಡುತ್ತದೆ ಎಂದು ಅವನ ಲೆಕ್ಕ. ತೊಲೆಯ ಈ ತುದಿ ಬೆರಳಿನಷ್ಟು ಎದ್ದಿತು. ಆ ತುದಿ ಕುಸಿಯಿತು. ಒಳಗೆ ಮಣ್ಣು ಸುರಿಯಿತು, ತಟ್ಟುವ ಸದ್ದು ನಿಂತುಹೋಯಿತು.

ಬಡಿಗ ಬಂದು ನೋಡಿದ. ಬೈಯಲಿಲ್ಲ. ಅವನು ಬೈಯದೇ ಇದ್ದದ್ದಕ್ಕೆ ನೇಕಾರ ಕೊಡತಿಯನ್ನು ಕೆಳಗಿಟ್ಟು ಹಿಂದೆ ಸರಿದ. ಎದ್ದ ತೊಲೆಯನ್ನು ಇಳಿಸಲು ಹೋಗದೆ ಬಡಿಗ ಅದರ ಪಕ್ಕಕ್ಕೆ ಇನ್ನೊಂದು ಟೇಕು ಕೊಟ್ಟ. ಬಹಳ ಹೊತ್ತಿನ ಮೇಲೆ ಒಳಗಿನಿಂದ ಕೆಮ್ಮು ಕೇಳಿಸಿತು. ನೇಕಾರ ನೆಲಕ್ಕೆ ಕುಸಿದು ಅತ್ತುಬಿಟ್ಟ. ಆ ಕೆಮ್ಮಿನಷ್ಟು ಇಂಪಾದದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಹೀಗೆ ಟೇಕಿನಿಂದ ಟೇಕಿಗೆ ದಾರಿ ಒಳಗೆ ಸಾಗಿತು. ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ತೆವಳುವಷ್ಟು ದಾರಿ. ಇನ್ನೇನು ಮಗ್ಗ ಕಂಡಿತು ಎನ್ನುವಾಗ, ಬಡಿಗ ಬೇಡವೆನ್ನುವ ಮೊದಲೇ ನೇಕಾರ ಅವನನ್ನು ದಾಟಿ ತೆವಳಿ ಹೋದ. ಮಗ್ಗದ ಕಂಬದ ಸಂದಿಯಲ್ಲಿ ಕೈ ತೂರಿಸಿದ. ಕತ್ತಲೆಯಲ್ಲಿ ಬೆರಳುಗಳು ಸಿಕ್ಕವು.

“ನೀವ ಏನ್ರಿ?” ಎಂದಳು ಅವಳು.

“ನಾನ ಅದೀನಿ” ಎಂದ.

ಮಾತು ಅಷ್ಟೇ. ನಾಲ್ಕು ಜನರ ಎದುರಿಗೆ ಅವನು ಅವಳ ಕೈ ಹಿಡಿದವನಲ್ಲ. ಮದುವೆಯ ದಿನ ಹಿರಿಯರು ಹಿಡಿಸಿದಾಗ ಹಿಡಿದದ್ದು. ಅಲ್ಲಿಂದ ಮುಂದೆ ಬೆಳಗಾದರೆ ಅವಳ ಕೈಯಲ್ಲಿ ಲಾಳಿ, ಅವನ ಕೈಯಲ್ಲಿ ನೂಲು. ಒಂದೇ ಮನೆಯಲ್ಲಿ ಇದ್ದುಕೊಂಡೂ ತಾನು ಈ ಕೈಗಾಗಿ ಹಂಬಲಿಸುತ್ತಲೇ ಇದ್ದೆ ಎಂದು ಅವನಿಗೆ ಆ ಮಣ್ಣಿನಡಿಯಲ್ಲಿ ತಿಳಿಯಿತು. ಇನ್ನು ಬಿಡುವುದಿಲ್ಲ ಎಂದುಕೊಂಡ.

ಹಿಂದಿನಿಂದ ಬಡಿಗ ದೀಪ ಹಿಡಿದು ಮೇಲಕ್ಕೆ ನೋಡುತ್ತಿದ್ದ. ನೇಕಾರನ ಬೆನ್ನಿನ ನೇರಕ್ಕೆ, ಮೇಲೆ, ತೊಲೆ ಸೀಳಿತ್ತು. ಸೀಳಿನಿಂದ ಪುಡಿಮಣ್ಣು ಉದುರುತ್ತಿತ್ತು. ಎಡಕ್ಕೆ ಬಿರುಕುಬಿಟ್ಟ ಗೋಡೆ, ಬಲಕ್ಕೆ ಮಣ್ಣು ತುಂಬಿದ ಸಂದಿ. ಟೇಕು ನಿಲ್ಲಿಸಲು ಗಟ್ಟಿ ನೆಲ ಇದ್ದದ್ದು ನೇಕಾರ ಮಲಗಿದ್ದಲ್ಲಿ ಮಾತ್ರ.

“ನೀ ಮಲಗಿದ ಜಾಗಾದಾಗ ಟೇಕು ನಿಂದರಬೇಕು. ಕೈ ಬಿಟ್ಟು ಹಿಂದ ಸರಿ” ಎಂದ ಬಡಿಗ.

ಒಳಗಿದ್ದವಳಿಗೆ ಕೈ ಬಿಡುವ ಮಾತಷ್ಟೇ ಕೇಳಿಸಿತು.

“ಕೈ ಬಿಡಬ್ಯಾಡ್ರಿ” ಎಂದಳು. “ಸತ್ರ ಹಿಂಗ ಸಾಯೂಣು.”

ನೇಕಾರನಿಗೂ ಅದೇ ಬೇಕಾಗಿತ್ತು. ಆ ಹೊತ್ತಿನಲ್ಲಿ ಸಾಯುವುದು ಅವನಿಗೆ ಬಹಳ ಸುಲಭವಾಗಿತ್ತು. ತೊಲೆಯನ್ನು ನನ್ನ ಬೆನ್ನಿನಿಂದಲೇ ತಡೆದುಕೊಳ್ಳುತ್ತೇನೆ ಎಂದ. ನಿನ್ನ ಬೆನ್ನು ತೊಲೆಯನ್ನು ತಡೆಯುವುದಿಲ್ಲ, ಅವಳ ದಾರಿಯನ್ನು ತಡೆಯುತ್ತದೆ ಎಂದ ಬಡಿಗ. ಇನ್ನೊಮ್ಮೆ ಹೇಳಲಿಲ್ಲ. ಟೇಕಿನ ಕಂಬವನ್ನು ಪಕ್ಕದಲ್ಲಿ ಇಟ್ಟುಕೊಂಡು ಕಾದ.

ನೇಕಾರ ಅವಳಿಗೆ ಬಿಡಿಸಿ ಹೇಳಬೇಕೆಂದುಕೊಂಡ. ಬಾಯಿ ತೆರೆದರೆ ಮಣ್ಣು. “ಬರತೀನಿ” ಎಂದಷ್ಟೇ ಹೇಳಿದ. ಹೊರಡುವವರೆಲ್ಲ ಹೇಳುವ ಮಾತು ಅದು. ಬರುವವರೂ ಹೇಳುತ್ತಾರೆ, ಬಾರದವರೂ ಹೇಳುತ್ತಾರೆ. ಅವಳು ಬಿಡಲಿಲ್ಲ. ಅವನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ಅವನು ಹಿಂದಕ್ಕೆ ತೆವಳುವಾಗ ಅವಳು ಅವನ ಹೆಸರು ಹಿಡಿದು ಕೂಗಿದಳು. ಮದುವೆಯಲ್ಲಿ ಹೆಂಗಸರ ಕಾಟಕ್ಕೆ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ಗಂಡನ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು.

ಬಡಿಗ ಒಳಗೆ ಹೋದ. ನೇಕಾರ ಹೊರಗೆ ಬಂದು ನಿಂತ. ಅವನ ಬಲಗೈ ಮುಂದಕ್ಕೆ ಚಾಚಿಕೊಂಡೇ ಇತ್ತು. ಬೆರಳುಗಳು ಇನ್ನೂ ಹಿಡಿದುಕೊಂಡಿರುವ ಹಾಗೆಯೇ ಮಡಚಿಕೊಂಡಿದ್ದವು. ಯಾರೋ ನೀರಿನ ತಂಬಿಗೆ ಕೊಟ್ಟರು. ಅದನ್ನು ಎಡಗೈಯಲ್ಲಿ ತೆಗೆದುಕೊಂಡ, ಕುಡಿಯಲಿಲ್ಲ. ಕೈ ಇಳಿಸಪ್ಪ, ನೋವಾಗುತ್ತದೆ ಎಂದು ಮುದುಕಿ ಹೇಳಿದಳು. ಅವನು ಇಳಿಸಲಿಲ್ಲ. ಒಳಗಿನಿಂದ ಕೊಡತಿಯ ಸದ್ದು ಬರುತ್ತಿತ್ತು, ಮೆಲ್ಲಗೆ, ಬಿಟ್ಟು ಬಿಟ್ಟು. ಅವಳ ಕೂಗು ಮೊದಮೊದಲು ಬರುತ್ತಿತ್ತು, ಆಮೇಲೆ ಬರಲಿಲ್ಲ. ಕೂಗಿ ಕೂಗಿ ಬಿಟ್ಟಳೋ, ಉಸಿರೇ ಹೋಯಿತೋ ಅವನಿಗೆ ಗೊತ್ತಾಗಲಿಲ್ಲ. ಒಳಗೆ ಹೋಗುವಂತಿಲ್ಲ, ಅವನ ಜಾಗದಲ್ಲಿ ಈಗ ಕಂಬ ಇತ್ತು. ಅವನು ಆಗ ಪಟ್ಟದ್ದನ್ನು ನಾನು ಹೇಳಲಾರೆ.

ಟೇಕು ತೊಲೆಗೆ ಮುಟ್ಟಿತು. ಸೀಳು ಅಲ್ಲಿಗೇ ನಿಂತಿತು. ಮೇಲಿನ ಭಾರ ಕಂಬಕ್ಕೆ ಇಳಿದ ಮೇಲೆ ಬಲಗಡೆಯ ಸಂದಿಯ ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ತೆಗೆದರು. ಟೇಕಿನ ಪಕ್ಕದಲ್ಲೇ ದಾರಿಯಾಯಿತು. ಹೊತ್ತು ಮುಳುಗುವುದರೊಳಗೆ ಅವಳನ್ನು ಹೊರಗೆ ತಂದರು. ಒಂದು ಕಾಲು ಮುರಿದಿತ್ತು, ಜೀವ ಇತ್ತು.

ಹೊರಸಿನ ಮೇಲೆ ಮಲಗಿಸಿದಾಗ ಅವಳು ಗಂಡನ ಮುಖ ನೋಡಿದಳು. ಸಿಟ್ಟಿನಿಂದ ನೋಡಲಿಲ್ಲ.

“ಕೈ ಬಿಟ್ರಲ್ಲ” ಎಂದಳು.



ಕತೆ ಅಲ್ಲಿಗೆ ಮುಗಿಯಿತು. ಟೇಕಿನ ವಿಷಯವನ್ನು ಅವಳಿಗೆ ಯಾರೂ ಹೇಳಲಿಲ್ಲವೇ ಎಂದು ಅಡಿವೆಯ್ಯ ಕೇಳಿದ. ಎಲ್ಲರೂ ಹೇಳಿದರು, ಅವಳನ್ನು ಎತ್ತಿಕೊಂಡು ಹೋಗಿ ಆ ಕಂಬವನ್ನೂ ತೋರಿಸಿದರು ಎಂದರು ಗುರುಗಳು. ಅವಳ ತಲೆಗೆ ಅದು ಅಂದೇ ಅರ್ಥವಾಯಿತು, ಬೆರಳುಗಳಿಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು ಎಂದರು.

ತಾನು ಹೊಳೆ ದಾಟಿ ಹೋಗಬೇಕು ಎಂಬುದು ಅಡಿವೆಯ್ಯನಿಗೆ ತಿಳಿಯಿತು. ಗುರುಗಳು ಜಾಗ ಬಿಡದೆ ತನ್ನೊಳಗೆ ಟೇಕು ನಿಲ್ಲುವುದಿಲ್ಲ, ಅದಕ್ಕೇ ಹೋಗಬೇಕು ಎಂಬುದೂ ತಿಳಿಯಿತು. ಆದರೂ ತಲೆ ತಗ್ಗಿಸಿಕೊಂಡು ಇನ್ನೊಂದು ಮಾತು ಕೇಳಿದ.

“ನಾನು ಹೋಗುತ್ತೇನೆ, ಗುರುಗಳೇ. ಆದರೆ ಇಷ್ಟು ಹೊತ್ತು ನಿಮ್ಮ ಮುಖ ನೋಡುತ್ತ ಕೂತೆ, ನನಗೆ ಏನೂ ಕಾಣಲಿಲ್ಲ. ನನ್ನನ್ನು ಕಳಿಸುವುದು ನಿಮಗೆ ಅಷ್ಟು ಸುಲಭವೇ?”

ಗುರುಗಳು ಎದ್ದು ನಿಂತರು.

“ಒಳಗಿದ್ದವಳಿಗೆ, ಅಡಿವೆಯ್ಯ, ಹೊರಗೆ ನಿಂತವನ ಕೈ ಕಾಣುವುದಿಲ್ಲ.”