ಬಿಟ್ಟ ತೋಳು

ಮಲಪ್ರಭೆಯ ದಂಡೆಯ ಮೇಲೆ, ಯಂತ್ರ ನಿಂತುಹೋದ ಹಳೆಯ ಹತ್ತಿ ಜಿನ್ನಿನ ಶೆಡ್ಡಿನಲ್ಲಿ, ಫಕ್ಕೀರಪ್ಪ ಮಾಸ್ತರು ಜೂಡೊ ಕಲಿಸುತ್ತಿದ್ದರು.

ಅವರ ಹತ್ತಿರ ಬಂದವರು ಮೊದಲು ಬೀಳುವುದನ್ನು ಕಲಿಯಬೇಕಿತ್ತು. ಹಿಂದಕ್ಕೆ ಬೀಳು, ಮುಂದಕ್ಕೆ ಬೀಳು, ಮತ್ತೆ ಏಳು. ಬೇಸತ್ತು ಬಿಟ್ಟುಹೋದವರೇ ಹೆಚ್ಚು.

ಉಳಿದವರಿಗೆ ಅವರದು ಒಂದೇ ಕಟ್ಟಪ್ಪಣೆ. ಎದುರಿನವನನ್ನು ಎತ್ತಿ ಒಗೆಯುವಾಗ ಅವನ ಅಂಗಿಯ ತೋಳು ನಿನ್ನ ಮುಷ್ಟಿಯಲ್ಲಿರಬೇಕು. ಅವನ ಬೆನ್ನು ಚಾಪೆಗೆ ತಾಗಿ ನಿಲ್ಲುವ ತನಕ ಅದನ್ನು ಬಿಡಕೂಡದು. ತೋಳು ಎಳೆದು ಹಿಡಿದಿದ್ದರೆ ಬೀಳುವವನ ತಲೆ ನೆಲಕ್ಕೆ ಬಡಿಯುವುದಿಲ್ಲ.

"ಕೆಡವೂದು ಗೂಳಿಗೂ ಬರತೈತಿ," ಎನ್ನುತ್ತಿದ್ದರು. "ಕೆಡವಿದವನ್ನ ಹಿಡಿಯೂದು ಕಲೀರಿ."

ಮದುವೆ ಗಂಡಿನ ಹಾಗೆ ಕೈ ಹಿಡಿದುಕೊಂಡೇ ಇರಬೇಕಂತೆ ಎಂದು ಶಿಷ್ಯರು ಮರೆಯಲ್ಲಿ ನಗುತ್ತಿದ್ದರು.

ಅವರಲ್ಲಿ ನಿಂಗರಾಜ ಎಲ್ಲರಿಗಿಂತ ಗಟ್ಟಿ. ದಾವಲ ಅವನ ಜೋಡಿ. ದಿನವೂ ಇಬ್ಬರೂ ಒಬ್ಬರನ್ನೊಬ್ಬರು ಕೆಡವಿ, ಒಬ್ಬರನ್ನೊಬ್ಬರು ಎಬ್ಬಿಸಿ ಬೆಳೆದವರು.

ಒಂದು ಸಲ ಊರಿನ ಹಿರಿಯರು ಆಟ ನೋಡಲು ಬಂದರು. ನಿಂಗರಾಜ ದಾವಲನನ್ನು ಸೊಂಟದ ಮೇಲೆ ಹೇರಿಕೊಂಡು ತಿರುಗಿಸಿದ. ಅಂಥ ಪಟ್ಟನ್ನು ಆ ಶೆಡ್ಡಿನಲ್ಲಿ ಯಾರೂ ನೋಡಿರಲಿಲ್ಲ. ದಾವಲ ಇನ್ನೂ ಗಾಳಿಯಲ್ಲಿರುವಾಗಲೇ ಚಪ್ಪಾಳೆ ಬಿತ್ತು.

ಚಪ್ಪಾಳೆ ಅನ್ನುವುದು ಕೆಟ್ಟದ್ದು. ನಿಂಗರಾಜ ತೋಳು ಬಿಟ್ಟು ಎರಡೂ ಕೈ ಮೇಲೆತ್ತಿದ.

ದಾವಲ ಕುತ್ತಿಗೆಯ ಮೇಲೆ ಬಿದ್ದ. ಮತ್ತೆ ಏಳಲಿಲ್ಲ.

ಚಪ್ಪಾಳೆ ತಟ್ಟಿದವರು ಒಬ್ಬೊಬ್ಬರಾಗಿ ತಮ್ಮ ಚಪ್ಪಲಿ ಹುಡುಕಿಕೊಂಡು ಹೊರಟುಹೋದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಜೀವ ಉಳಿಯಿತು. ಕೈಕಾಲಿಗೆ ಶಕ್ತಿ ಬರುತ್ತದೋ ಇಲ್ಲವೋ ಈಗಲೇ ಹೇಳಲಾರೆವು ಎಂದು ಮನೆಗೆ ಕಳಿಸಿದರು.

ದಾವಲ ಮನೆಗೆ ಬಂದ ಸುದ್ದಿ ತಿಳಿದ ಮೇಲೆ ನಿಂಗರಾಜ ಗುರುಗಳ ಬಳಿ ಬಂದ. ಅವರು ಯಾರೂ ಬಾರದ ಶೆಡ್ಡಿನಲ್ಲಿ ಒಬ್ಬರೇ ಚಾಪೆ ಗುಡಿಸುತ್ತಿದ್ದರು. ಅಷ್ಟು ದಿನಗಳಲ್ಲಿ ಮುದುಕರಾಗಿಬಿಟ್ಟಿದ್ದರು.

"ಗುರುಗಳ, ಪಟ್ಟು ಸರಿ ಇತ್ತು. ನೋಡಿದವರೆಲ್ಲಾ ಹಂಗ ಅಂತಾರ್ರಿ. ಅವನ ನಸೀಬ ಕೆಟ್ಟಿತ್ತು."

"ಅವಾ ಬೀಳೂ ಮುಂದ ನಿನ್ನ ಕೈ ಎಲ್ಲಿದ್ದುವು?"

ನಿಂಗರಾಜ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಎಲ್ಲಿದ್ದುವು?"

"ಮ್ಯಾಲಿದ್ದುವ್ರಿ."

ಗುರುಗಳು ಮತ್ತೆ ಗುಡಿಸತೊಡಗಿದರು. ನಿಂಗರಾಜನಿಗೆ ಅಳು ಒತ್ತರಿಸಿ ಬಂತು. ಸೊಂಟದ ಜೂಡೊ ಪಟ್ಟಿ ಬಿಚ್ಚಿ ಅವರ ಕಾಲ ಬಳಿ ಇಟ್ಟ.

"ನನಗಿನ್ನ ಈ ಚಾಪಿ ಮ್ಯಾಲೆ ಕಾಲಿಡೂ ಯೋಗ್ಯತಾ ಇಲ್ರಿ. ಸೊಲ್ಲಾಪುರಕ್ಕ ಹೋಗ್ತೀನಿ, ಸೋದರಮಾವನ ಕಡೆ. ಮತ್ತ ಈ ಊರಿಗೆ ಮುಖಾ ತೋರಸೂದಿಲ್ಲ."

"ಗಾಡಿ ಎಷ್ಟೊತ್ತಿಗೆ?"

"ಸಂಜೀಕ್ರಿ."

"ಹಂಗಾರ ಇನ್ನೂ ಹೊತ್ತೈತಿ. ಪಟ್ಟಿ ಕಟಗೋ. ನಡಿ ನನ್ನ ಜೋಡಿ."

ಎಲ್ಲಿಗೆ ಎಂದು ಕೇಳಲಿಲ್ಲ. ಓಣಿ ತಿರುಗಿದಾಗ ಗೊತ್ತಾಯಿತು, ಅದು ದಾವಲನ ಮನೆಯ ದಾರಿ.

ದಾವಲನ ತಾಯಿ ಮಾಬುಬಿ ಬಾಗಿಲಲ್ಲಿ ನಿಂತಿದ್ದಳು. ಬೈದರೆ ಸಾಕಿತ್ತು, ಹೊಡೆದರೆ ಇನ್ನೂ ಒಳ್ಳೆಯದಿತ್ತು ಅನ್ನಿಸಿತು ನಿಂಗರಾಜನಿಗೆ. ಆಕೆ ಎರಡನ್ನೂ ಮಾಡಲಿಲ್ಲ.

"ಒಬ್ಬಾಕಿ ಕೈಲೆ ಆಗವಲ್ತು ಮಾಸ್ತರ," ಎಂದಳು. "ಮಗ್ಗಲಾ ಹೊಳ್ಳಿಸದಿದ್ರ ಬೆನ್ನು ಹುಣ್ಣಾಗತೈತಿ ಅಂದಾರ. ಎತ್ತಾಕ ಹೋದ್ರ ಕುತ್ತಿಗಿ ಹೊರಳತೈತಿ ಅಂತ ಅಂಜಿಕಿ."

ದಾವಲ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ಮಲಗಿದ್ದನೇ ಹೊರತು ನಿದ್ದೆ ಬಂದಿರಲಿಲ್ಲ.

ಗುರುಗಳು ತಲೆ ಮತ್ತು ಕುತ್ತಿಗೆಯನ್ನು ಎರಡೂ ಕೈಯಲ್ಲಿ ಆಧರಿಸಿ ಹಿಡಿದರು. "ನಿಂಗ್ಯಾ, ತೋಳು ಹಿಡಿ. ಇನ್ನೊಂದು ಕೈ ಬೆನ್ನಿಗೆ ಕೊಡು. ಅವನ ಭಾರ ನಿನ್ನ ಮ್ಯಾಲೆ ತಗೋ."

ಎಷ್ಟೋ ವರ್ಷ ಹಿಡಿದ ತೋಳು ಅದು. ಈಗ ಅದರೊಳಗಿನ ಕೈ ತಿರುಗಿ ಹಿಡಿಯಲಿಲ್ಲ. ಮೂವರೂ ಸೇರಿ ಮೆಲ್ಲಗೆ ದಾವಲನನ್ನು ಗೋಡೆಯ ಕಡೆಗೆ ಹೊರಳಿಸಿದರು.

ಆ ಸಂಜೆಯ ಗಾಡಿ ಹೋಯಿತು. ಮರುದಿನದ್ದೂ ಹೋಯಿತು. ನಿಂಗರಾಜ ದಿನಾ ಬಂದ, ಹೊರಳಿಸಿದ, ಹೋದ. ದಾವಲ ಒಂದು ಮಾತೂ ಆಡಲಿಲ್ಲ. ನಿಂಗರಾಜನಿಗೂ ಅದೇ ಬೇಕಾಗಿತ್ತೇನೋ.

ಕೊನೆಗೊಂದು ದಿನ ದಾವಲ ಗೋಡೆ ನೋಡುತ್ತಲೇ ಕೇಳಿದ.

"ನಿಂಗ್ಯಾ, ಅವತ್ತ ಚಪ್ಪಾಳಿ ಭಾಳ ಜೋರ್ ಇತ್ತೇನೋ?"

ನಿಂಗರಾಜ ತಟ್ಟನೆ ಮಂಚದ ಬಳಿಯಿಂದ ಎದ್ದ. ಅವನು ಹೊರಗೆ ಓಡಿಬಂದ. ಅಂಗಳದ ಕಟ್ಟೆಯ ಮೇಲೆ ಗುರುಗಳು ಕೂತಿದ್ದರು. ಹೊಳೆಯ ಕಡೆಯಿಂದ ಕತ್ತಲೆ ಇಳಿಯುತ್ತಿತ್ತು.

"ಆಗೂದಿಲ್ಲ ಗುರುಗಳ. ನನ್ನ ಕೈಲೆ ಆಗೂದಿಲ್ಲ. ನಾಳಿ ಗಾಡಿಗೆ ಹೊಕ್ಕೀನಿ."

ಗುರುಗಳು ಸರಿದು ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರು, ನಿಂಗರಾಜ ಕೂರಲಿಲ್ಲ.

"ಹಿಡಿಯೂ ಹೊತ್ತಿನ್ಯಾಗ ಹಿಡೀಲಿಲ್ಲ. ಅವಾ ಬಿದ್ದ, ಎಲ್ಲಾ ಮುಗದ ಹೋತು. ಇನ್ನ ದಿನಾ ಬಂದು ತೋಳು ಹಿಡದು ಏನ್ ಉಪಯೋಗ್ರಿ?"

ಮಗ್ಗಲು ಬದಲಿಸುವ ಹೊತ್ತಾಯಿತೆಂದು ಒಳಗಿನಿಂದ ಮಾಬುಬಿ ಕರೆದಳು.

"ಬಿದ್ದು ಮುಗೀತು ಅಂತ ನಿನಗ ಯಾರ್ ಹೇಳಿದ್ರು?" ಎಂದರು ಗುರುಗಳು. "ಅವಾ ಇನ್ನೂ ಬೀಳಾಕತ್ತಾನ. ಒಳಗ ಹೋಗು."