ಬಂಡೆ ಹತ್ತಿದ ಮೋಟಾರು

ರಿಮೋಟಿನಿಂದ ಓಡುವ ಪುಟ್ಟ ಜೀಪೊಂದು ಕಡಿದಾದ ಬಂಡೆ ಹತ್ತುತ್ತಿತ್ತು. ಕೆಳಗೆ ಆಳವಾದ ಕೊರಕಲು. ಅರ್ಧ ದಾರಿಯಲ್ಲಿ ಮೋಟಾರು ತನ್ನ ಬಲವನ್ನೆಲ್ಲ ಹಾಕಿತು. ಕೂಡಲೇ ಜೀಪಿನ ಮೈ ಒಂದು ಬದಿಗೆ ತಿರುಚಿಕೊಂಡು, ಮುಂದಿನ ಬಲಗಡೆಯ ಚಕ್ರ ನೆಲ ಬಿಟ್ಟು ಮೇಲೆದ್ದಿತು.

“ಅಣ್ಣಾ, ಬಲ ತಗ್ಗಿಸು,” ಎಂದಿತು ಚಕ್ರ. “ನಮ್ಮನ್ನು ಓಡಿಸುವ ಶಾಫ್ಟನ್ನು ನೀನು ಒಂದು ಕಡೆಗೆ ತಿರುಗಿಸಿದಷ್ಟೂ ಮೈ ಇನ್ನೊಂದು ಕಡೆಗೆ ತಿರುಚುತ್ತದೆ. ಉರುಳಿಬಿಡುತ್ತೇವೆ.”

“ತಗ್ಗಿಸಿದರೆ ಜಾರುತ್ತೇವಲ್ಲ?”

“ನಾವು ನಾಲ್ಕು ಚಕ್ರಗಳೂ ಬಂಡೆ ಹಿಡಿದಿದ್ದರೆ ಜಾರುವುದಿಲ್ಲ.”

ಮೋಟಾರು ಹೆದರುತ್ತಲೇ ಮೆಲ್ಲಗಾಯಿತು. ಚಕ್ರ ಇಳಿದು ಕಲ್ಲನ್ನು ಕಚ್ಚಿತು. ಇಂಚಿಂಚಾಗಿ ಜೀಪು ನೆತ್ತಿ ಸೇರಿತು.

ಅಲ್ಲಿ ಬಿಸಿಲು ಕಾಯಿಸುತ್ತಿದ್ದ ಓತಿಕ್ಯಾತ, “ಇಷ್ಟು ಬಲ ನಿನಗೆಲ್ಲಿಂದ ಬಂತು?” ಎಂದು ಕೇಳಿತು.

ಮೋಟಾರು ತಾನು ಹತ್ತಿ ಬಂದ ಬಂಡೆಯನ್ನು ನೋಡಿ ಬೆರಗಾಯಿತು. “ಗೊತ್ತಿಲ್ಲ,” ಎಂದಿತು. “ನಾನು ತಗ್ಗಿದಾಗ ಬಂಡೆಯೇ ನಮ್ಮನ್ನು ಎತ್ತಿಕೊಂಡ ಹಾಗಿತ್ತು.”