ಲಚ್ಚಲದೇವಿಯ ಹರಿವಾಣದ ಚಾಕುಗಳು

"ಕೇಳ್ರಪ್ಪೋ ಕೇಳಿ! ಕುಂದರಗಡದ ಒಡೆಯ ಬೊಪ್ಪರಸರ ಅಪ್ಪಣೆ! ರಾಜಕುಮಾರಿ ಲಚ್ಚಲದೇವಿಯವರ ಮೂರು ಒಗಟು ಬಿಡಿಸಿ, ದಿನವೂ ಸೊಂಟದಲ್ಲಿಟ್ಟುಕೊಳ್ಳಲು ತಕ್ಕ ಚಾಕು ಆರಿಸಿಕೊಟ್ಟವನಿಗೆ ಅವರ ಕೈ ಹಿಡಿಯುವ ಭಾಗ್ಯ, ಜೊತೆಗೆ ಬೇಡಿದ್ದೊಂದು ವರ. ತಪ್ಪಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ!"

ಡಂಗುರದವನು ಹೀಗೆ ಸಾರಿಹೋದ. ಚಾಕುವಿಗಾಗಿ ತಲೆ ತೆಗೆಯುವುದೇ ಎಂದು ಯಾರೂ ನಗಲಿಲ್ಲ. ಕಾರಣ ಊರಿಗೆಲ್ಲ ಗೊತ್ತಿತ್ತು. ಹಿಂದಿನ ವರ್ಷ ಯುವರಾಜ ಹೊಳೆಯಲ್ಲಿ ಈಜುವಾಗ ಮೀನಿನ ಬಲೆಗೆ ಸಿಕ್ಕಿಕೊಂಡಿದ್ದ. ದಡದಲ್ಲಿ ದೊರೆಯಿದ್ದ, ಕಾವಲಿನವರೆಲ್ಲ ಇದ್ದರು. ಎಲ್ಲರ ಬಳಿಯೂ ಉದ್ದುದ್ದ ಕತ್ತಿ. ನೀರಿನಲ್ಲಿ ಅದನ್ನು ಬೀಸಿದರೆ ಬಲೆಯ ಜೊತೆ ಹುಡುಗನೂ ತುಂಡಾಗುತ್ತಿದ್ದ. ಯಾರೋ ಓಡಿ ಊರಿನಿಂದ ಚಾಕು ತರುವಷ್ಟರಲ್ಲಿ ಉಸಿರು ನಿಂತಿತ್ತು.

ಆಮೇಲೆ ಲಚ್ಚಲದೇವಿ ಕಮ್ಮಾರರಿಂದ ಬಗೆಬಗೆಯ ಮಡಚುವ ಚಾಕುಗಳನ್ನು ಮಾಡಿಸಿ ಹರಿವಾಣದ ತುಂಬ ಇಟ್ಟುಕೊಂಡಳು. ಮದುವೆಯ ಮಾತೆತ್ತಿದರೆ ಒಗಟು ಮುಂದಿಡುತ್ತಿದ್ದಳು. ಒಗಟು ಅವಳದು, ತಲೆದಂಡ ಅಪ್ಪನದು. "ಕೈಲಾಗದ ಗಂಡಸರು ಬದುಕಿ ಏನು ಮಾಡಬೇಕು?" ಎಂದಿದ್ದ ದೊರೆ. ಅವಳು ಅತ್ತಳು, ಕಾಲು ಹಿಡಿದಳು. ಡಂಗುರ ಹೊರಟಾಗಿತ್ತು.

ಹೊಳೆಯ ಕಟ್ಟೆಯಲ್ಲಿ ಮೂಟೆ ಹೊರುವ ಮಾಸಣನಿಗೆ ರಾಜಕುಮಾರಿಯೂ ಬೇಕಿರಲಿಲ್ಲ, ವರವೂ ಬೇಕಿರಲಿಲ್ಲ. ಆದರೆ ಅವನಣ್ಣ ಕೇತಣ, ಕೋಟೆಯ ಕಾಲಾಳು, ಯಾರದೋ ಮಾತಿಗೆ ಉಬ್ಬಿ ವರದ ಆಸೆಗೆ ಹೋಗಿ ಮೊದಲ ಒಗಟಿಗೇ ಸೋತು ಸೆರೆ ಸೇರಿದ್ದ. ಮಾಸಣ ಸೆರೆಮನೆಯ ಬಾಗಿಲಿಗೆ ಹೋದರೆ ಒಳಗೆ ಬಿಡಲಿಲ್ಲ. ಮಂತ್ರಿಯ ಮನೆಯ ಮುಂದೆ ನಿಂತರೆ ಆಳುಗಳು ದಬ್ಬಿದರು. ಅಮಾವಾಸ್ಯೆ ಹತ್ತಿರವಾಯಿತು. ಅತ್ತಿಗೆ ಒಲೆ ಹಚ್ಚುವುದನ್ನೇ ಬಿಟ್ಟಳು. ಬೇರೆ ದಾರಿ ಕಾಣದೆ ಅವನೂ ಅರಮನೆಯ ಸಾಲಿನಲ್ಲಿ ಹೋಗಿ ನಿಂತ.

ಅವನಿಗಿಂತ ಮುಂದೆ ಇಬ್ಬರಿದ್ದರು. ಮೊದಲು ಮಲೆಯಪ್ಪ ನಾಯಕ ಹೋದ.

"ಮನೆಯಲ್ಲಿ ಬಲು ಹರಿತ, ಬಯಲಲ್ಲಿ ಬರೀ ಮೊಂಡ. ಯಾವುದದು?" ಲಚ್ಚಲದೇವಿ ಕೇಳಿದಳು.

"ಹೆಂಡತಿಯ ನಾಲಗೆ!" ಎಂದ ನಾಯಕ. ಯಾರೂ ನಗಲಿಲ್ಲ. ಭಟರು ಅವನ ರೆಟ್ಟೆ ಹಿಡಿದರು.

ವ್ಯಾಪಾರಿ ಚಂದಿಸೆಟ್ಟಿ ಅದಕ್ಕೆ ಹೇಗೋ ಉತ್ತರ ಹೊಂದಿಸಿದ. ಬಾಗಿಲಾಚೆ ನಿಂತಿದ್ದ ಮಾಸಣನಿಗೆ ಅದು ಕೇಳಿಸಲಿಲ್ಲ. ಎರಡನೆಯ ಒಗಟು ಬಂತು: "ಕೈ ಹೆಚ್ಚಾದಷ್ಟೂ ಕೈಲಾಗದವನು ಯಾರು?"

"ರಾವಣ," ಎಂದ ಸೆಟ್ಟಿ.

ರಾಜಕುಮಾರಿ ಕಣ್ಣು ಮುಚ್ಚಿಕೊಂಡಳು. ಸೆಟ್ಟಿ ಕಿರುಚುತ್ತಲೇ ಹೋದ.

ಮಾಸಣ ಒಳಗೆ ಬಂದ.

"ಹಿಂದಿರುಗಿ ಹೋಗು," ಎಂದಳು ಅವಳು ಮೆಲ್ಲಗೆ. "ಇನ್ನೂ ನಾನು ಕೇಳಿಲ್ಲ."

"ಹೋಗಲಿಕ್ಕೆ ಜಾಗವಿಲ್ಲ, ತಾಯಿ. ಅಣ್ಣ ಒಳಗಿದ್ದಾನೆ."

ಅವಳು ಮೊದಲ ಒಗಟು ಕೇಳಿದಳು.

"ನಮ್ಮಣ್ಣನ ಹತ್ತಿರ ಒಂದು ದೊಡ್ಡ ಚಾಕು ಇತ್ತು, ತಾಯಿ. ಭಾರ ಅಂತ ಗೂಟಕ್ಕೇ ನೇತುಹಾಕಿದ್ದ. ಒಂದು ದಿನ ಬಯಲಲ್ಲಿ ನಮ್ಮೆತ್ತಿನ ಕೊರಳಿಗೆ ಹಗ್ಗದ ಉರುಳು ಬಿತ್ತು. ಹಲ್ಲಲ್ಲಿ ಕಚ್ಚಿದೆ, ಕಲ್ಲಲ್ಲಿ ಜಜ್ಜಿದೆ. ಎತ್ತು ನನ್ನ ಮುಖ ನೋಡ್ತಾನೇ ಸತ್ತಿತು. ಮನೆಯಲ್ಲಿ ಬಿಟ್ಟುಬಂದ ಚಾಕು, ತಾಯಿ. ಎಷ್ಟು ಹರಿತ ಇದ್ದರೇನು?"

ದೊರೆ ಕುಳಿತಲ್ಲೇ ಕದಲಿದ. ಅವಳು ಎರಡನೆಯದನ್ನು ಕೇಳಿದಳು. ಮಾಸಣನಿಗೆ ಏನೂ ಹೊಳೆಯಲಿಲ್ಲ. ಭಟನೊಬ್ಬ ಹೆಜ್ಜೆ ಮುಂದಿಟ್ಟ. ಆಗ ಮಾಸಣನ ಕಣ್ಣು ಅವಳ ಮುಂದಿದ್ದ ಹರಿವಾಣದ ಮೇಲೆ ಬಿತ್ತು. ನಡುವೆ ಒಂದು ದಪ್ಪ ಚಾಕು. ಗರಗಸ, ಕತ್ತರಿ, ಅರ, ಕೊಕ್ಕೆ, ಚಮಚ ಎಲ್ಲವೂ ಏಡಿಯ ಕಾಲಿನ ಹಾಗೆ ಹೊರಚಾಚಿದ್ದವು.

"ಇವನೇ," ಎಂದ, ಅಳುವ ದನಿಯಲ್ಲಿ. "ಎಲ್ಲ ಕೆಲಸಕ್ಕೂ ಒಂದೊಂದು ಕೈ. ಆದರೆ ಜೀವ ಹೋಗುವಾಗ ಅಲಗು ಯಾವುದು ಅಂತ ಹುಡುಕುತ್ತಾ ಕೂತರೆ ಆಯಿತೇ?"

"ಕೊನೆಯದು," ಎಂದಳು. "ಕೊಲ್ಲುವವನಿಗೆ ಸಾಲದು, ಉಳಿಸುವವನಿಗೆ ಸಾಕು. ಜೊತೆಗಿದ್ದರೂ ಇದ್ದಂತಿರದು, ಒಡೆಯನ ಬೆರಳನ್ನು ಕಚ್ಚದು. ಅದನ್ನು ಆರಿಸಿಕೊಡು."

ಮಾಸಣ ಈ ತನಕ ತನ್ನದೆಂದು ಒಂದು ಚಾಕು ಇಟ್ಟುಕೊಂಡವನಲ್ಲ. ಒಂದೊಂದನ್ನೇ ಎತ್ತಿದ. ಚಿನ್ನದ ಹಿಡಿಯದು ಬೆವರಿಗೆ ಜಾರಿತು. ಉದ್ದನೆಯದು ಸೊಂಟದಲ್ಲಿ ಚುಚ್ಚಿತು. ತೆಳುವಾದದ್ದೊಂದು ಚೆನ್ನಾಗಿತ್ತು, ಒತ್ತಿ ನೋಡಿದ್ದೇ ತಡ ಅಲಗು ತಾನಾಗಿ ಮಡಚಿಕೊಂಡು ಬೆರಳು ಕೊಯ್ದಿತು. ರಕ್ತ ತೊಟ್ಟಿಕ್ಕಿತು. ಮೂಲೆಯಲ್ಲಿ ಹೆಬ್ಬೆರಳಷ್ಟೇ ಅಗಲದ ಇನ್ನೊಂದಿತ್ತು: ಒಂದು ಅಲಗು, ಒಂದು ದಬ್ಬಳ, ಒಂದು ಪುಟ್ಟ ಇಕ್ಕಳ. ಅಲಗು ಬಿಚ್ಚಿದೊಡನೆ ಟಕ್ಕೆಂದು ಬಿಗಿದು ನಿಂತಿತು. ಎಷ್ಟು ಒತ್ತಿದರೂ ಮಡಚಲಿಲ್ಲ. ಹಿಡಿಯ ಕೀಲು ಒತ್ತಿ ಮಡಚಿ, ಸೊಂಟಕ್ಕೆ ಸಿಕ್ಕಿಸಿ ಎರಡು ಹೆಜ್ಜೆ ನಡೆದ, ಇದೆಯೆಂದೇ ತಿಳಿಯಲಿಲ್ಲ.

"ಇದು, ತಾಯಿ. ಇದಲ್ಲದಿದ್ದರೆ ನನಗೆ ಗೊತ್ತಿಲ್ಲ."

ಲಚ್ಚಲದೇವಿ ತಲೆಯಾಡಿಸಿದಳು. ಕಣ್ಣೀರು ಸುರಿಯಿತು. ಅದೇ ಉತ್ತರವಾಗಿತ್ತು.

"ವರ ಕೇಳು," ಎಂದ ದೊರೆ.

"ಸೆರೆಯಲ್ಲಿರುವವರನ್ನೆಲ್ಲ ಬಿಡಬೇಕು, ಬುದ್ಧಿ."

"ನಿನ್ನಣ್ಣನನ್ನು ಬಿಡುತ್ತೇನೆ. ಎಲ್ಲರನ್ನೂ ಬಿಟ್ಟರೆ ನನ್ನ ಮಾತಿನ ಗತಿ?"

ಮಾಸಣ ಕೈಮುಗಿದ. "ತಪ್ಪಾಗಿದ್ದರೆ ನನ್ನ ತಲೆ ತೆಗೀರಿ, ಬುದ್ಧಿ. ಎತ್ತು ಸಾಯುವಾಗ ನಾನೂ ಬರಿಗೈಲಿ ನಿಂತಿದ್ದೆ. ತಾವೂ ಅವತ್ತು ದಡದಲ್ಲಿ, ಕತ್ತಿಯಿದ್ದೂ ಬರಿಗೈಯವರ ಹಾಗೆ ನಿಂತಿದ್ದಿರಿ. ಬರಿಗೈಲಿ ನಿಂತದ್ದಕ್ಕೆ ತಲೆದಂಡ ಅಂದರೆ ಯಾರ ತಲೆ ಉಳಿದೀತು?"

ಬೊಪ್ಪರಸನ ಬಾಯಿ ಅದುರಿತು. ಮಗ ಸತ್ತಾಗಲೂ ಅಳದವನು ಎಲ್ಲರೆದುರು ಮುಖ ಮುಚ್ಚಿಕೊಂಡು ಗೋಳೋ ಎಂದು ಅತ್ತ. ಮಗಳು ಇಳಿದುಬಂದು ಅಪ್ಪನ ತಲೆಯನ್ನು ಎದೆಗೊತ್ತಿಕೊಂಡಳು.

ಅಂದೇ ಸೆರೆಮನೆಯ ಬಾಗಿಲು ತೆರೆಯಿತು. ಬೆಳೆ ಮನೆಗೆ ಬಂದ ಮೇಲೆ ಮಾಸಣನಿಗೂ ಲಚ್ಚಲದೇವಿಗೂ ಮದುವೆಯಾಯಿತು, ಅವನ ಪಾಲಿಗೆ ಹೊಳೆಸಾಲಿನ ಊರುಗಳು ಬಂದವು. ಆದರೆ ಜನ ಇಂದಿಗೂ ಹೇಳುವುದು ಸೆರೆಯ ಬಾಗಿಲಲ್ಲಿ ನಡೆದದ್ದನ್ನು. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಬಂದ ಕೇತಣ ತಮ್ಮನನ್ನು ಕಂಡು ಬೈದನಂತೆ: "ಸಾಯೋ ಜಾಗಕ್ಕೆ ನೀನ್ಯಾಕೋ ಬಂದೆ?"

"ಇನ್ನೇನು ಮಾಡಲಿ, ಅಣ್ಣಾ?" ಎಂದು ಮಾಸಣ ಅವನ ಕೈ ಹಿಡಿದುಕೊಂಡನಂತೆ.